ತೊಂಬತ್ತೊಂದರ ಮನೆ

ಹುಲಿಹೈದರ,
ಗುರುವಾರ

ಯಂಕೋಬ ಸರ್ ಅವರಿಗೆ ನಮಸ್ಕಾರ.

ಕೊಪ್ಪಳದ ಕಲಿಕೋಪಕರಣ ಪ್ರದರ್ಶನದಲ್ಲಿ ನಿಮಗೆ ಮೊದಲ ಬಹುಮಾನ ಬಂದದ್ದನ್ನು ಪೇಪರಿನಲ್ಲಿ ನೋಡಿದೆ. ಫೋಟೋದಲ್ಲಿ ನಿಮ್ಮ ಹಿಂದಿರುವ, ಒಂದರಿಂದ ನೂರರವರೆಗಿನ ಸಂಖ್ಯೆಗಳ ನೂರು ಮನೆಗಳ ಚಾರ್ಟು ನನ್ನದು. "ಅಕ್ಕಾರ, ಎರಡ ದಿನದಾಗ ತಂದು ಕೊಡ್ತೀನ್ರಿ" ಎಂದು ಒಯ್ದಿದ್ದಿರಿ. ನನ್ನ ಹೆಸರಿದ್ದ ಕಡೆ ಈಗ ನಿಮ್ಮ ಹೆಸರಿನ ಚೀಟಿ ಇದೆ.

ಅದು ಇರಲಿ. ನಾನು ಬರೆಯುತ್ತಿರುವುದು ತೊಂಬತ್ತೊಂದರ ಮನೆಯ ಬಗ್ಗೆ. ನಮ್ಮ ಶಾಲೆಯ ಮಕ್ಕಳು ಹುಣಸೆ ಬೀಜ ಜೋಡಿಸುತ್ತಾರೆ. ಬೀಜಗಳು ಆಯತವಾಗಿ ಕೂತರೆ ಆ ಸಂಖ್ಯೆಯ ಮನೆಗೆ ಹಸಿರು. ಒಂದೇ ಸಾಲಿನಲ್ಲಿ ಮಾತ್ರ ನಿಲ್ಲುವ ಅವಿಭಾಜ್ಯಕ್ಕೆ ಕೆಂಪು. ತೊಂಬತ್ತೊಂದಕ್ಕೆ ನಾನು ಬೇಕೆಂದೇ ಕೆಂಪು ಬಳಿದಿದ್ದೆ. ಪ್ರತಿ ವರ್ಷ ಒಂದು ಮಗು ಅದನ್ನು ಹಿಡಿಯುತ್ತದೆ. ಟೀಚರ ತಪ್ಪು ಹಿಡಿದ ಮಗುವಿಗೆ ಆಮೇಲೆ ಗಣಿತದ ಅಂಜಿಕೆ ಇರುವುದಿಲ್ಲ.

ನೀವು ಆ ಕೆಂಪನ್ನೂ ಹಾಗೇ ಒಯ್ದಿರಿ. ಚಾರ್ಟನ್ನು ಅಚ್ಚು ಹಾಕಿಸಿ ಎಲ್ಲ ಶಾಲೆಗಳಿಗೆ ಹಂಚುತ್ತಾರಂತೆ. ಅದಕ್ಕೂ ಮೊದಲು ಆ ಮನೆಗೆ ಹಸಿರು ಹಚ್ಚಿಸಿ. ಹೆಸರು ನಿಮ್ಮದೇ ಇರಲಿ.

ಈ ವರ್ಷ ತಪ್ಪು ಹಿಡಿದವಳು ಆರನೇ ತರಗತಿಯ ಗಂಗಾ, ಅದೂ ಪೇಪರಿನಲ್ಲಿ ಬಂದ ನಿಮ್ಮ ಫೋಟೋ ನೋಡಿ. "ಟೀಚರ್, ತೊಂಬತ್ತೊಂದು ಏಳು ಸಾಲು ಆಗ್ತೈತ್ರಿ, ಸಾಲಿಗೆ ಹದಿಮೂರು. ಈ ಸರ್ ಒಮ್ಮಿನೂ ಬೀಜ ಜೋಡ್ಸಿ ನೋಡಿಲ್ಲೇನ್ರಿ?"

ನಿಮ್ಮ ಮಾನ ಉಳಿಯುವಂಥ ಉತ್ತರವೊಂದಿದ್ದರೆ ಬರೆದು ಕಳಿಸಿ. ಅವಳು ನಾಳೆಯೂ ಕೇಳುತ್ತಾಳೆ.

ಇತಿ,
ನೀವು ಅಕ್ಕಾರ ಎನ್ನುತ್ತಿದ್ದ
ಅನ್ನಪೂರ್ಣ