ಬಾಡದ ಸುದ್ದಿಪುಟಕ್ಕೆ ಬಂದ ಪೇಟೆಂಟ್

೧೨ ಆಗಸ್ಟ್ ೨೦೦೮, ಕುಮಟಾ

ಸೈಬರ್ ಕೆಫೆಯ ಬಾಗಿಲು ತೆಗೆದೆ. ಕಸ ಗುಡಿಸಿದೆ. ನಾನೇ ಮಾಡಿದ ಬಾಡ ಊರಿನ ವೆಬ್ ಪುಟ ನೋಡಿದೆ. ಮಸ್ಕತ್‌ನಿಂದ ಒಬ್ಬ, ಮುಂಬಯಿಯಿಂದ ಇಬ್ಬರು ಬರೆದಿದ್ದಾರೆ. ಆಮೇಲೆ ಮೇಲ್. ಪುಟಕ್ಕೆ ಜಾಗ ಕೊಟ್ಟ ಅಮೆರಿಕದ ಸರ್ವರ್‌ನವರದು. ಎಲ್ಲರ ಸುದ್ದಿಯನ್ನೂ ಒಂದೇ ಪುಟಕ್ಕೆ ತಂದು, ನೋಡುವವನ ಹತ್ತಿರದವರದನ್ನು ಮೇಲೆ ತೋರಿಸುವ ವಿಧಾನ ಯಾವುದೋ ಕಂಪನಿಯ ಪೇಟೆಂಟ್ ಅಂತೆ. ನಾನು ಕದ್ದೆನಂತೆ. ತಿಂಗಳ ಕೊನೆಗೆ ಪುಟ ಮುಚ್ಚುತ್ತಾರೆ.

ಬದುಕಿನಲ್ಲಿ ನಾನು ಮಾಡಿದ್ದು ಈ ಪುಟವೊಂದೇ.

೧೪ ಆಗಸ್ಟ್

ಹೊನ್ನಾವರ. ವಕೀಲ ಕೃಷ್ಣಾನಂದರಿಗೂ ಇಂಥ ಕೇಸು ಹೊಸದು. ಆದರೂ ದಾರಿ ಹೇಳಿದರು. "ಅವ್ರು ಪೇಟೆಂಟಿಗೆ ಅರ್ಜಿ ಹಾಕೂಕೆ ಮೊದ್ಲೇ ನೀನು ನಾಕು ಜನರ ಎದ್ರು ತೋರ್ಸಿದ್ಯಾ? ಹಂಗಿದ್ರೆ ಅವ್ರ ಪೇಟೆಂಟ್ ನಿಲ್ಲೂದಿಲ್ಲ. ನೋಡಿದವ್ರು ಹೇಳ್ತ್ರಾ?"

ಐದು ವರ್ಷದ ಹಿಂದೆಯೇ ತೋರಿಸಿದ್ದೆ. ಬಾಡದಲ್ಲಿ, ಕತೆ ಹೇಳುವ ಸೋಮಜ್ಜಿಯ ಅಂಗಳದಲ್ಲಿ, ಅವಳು ಕತೆಗೆ ಕೂತ ಸಂಜೆ, ಬಿಳಿ ಪಂಚೆಯನ್ನೇ ಪರದೆಯಾಗಿ ಕಟ್ಟಿ. ಇಡೀ ಕೇರಿ ಕೂತಿತ್ತು. ವಕೀಲರು ಕಂಪನಿಗೆ ಹಾಗೆಯೇ ಬರೆದು ಕಳಿಸಿದರು.

೨೩ ಆಗಸ್ಟ್

ಬರೆಯಲು ಮನಸ್ಸಿಲ್ಲ. ಆದರೂ...

ನೋಡಿದವರನ್ನು ವಿಚಾರಿಸಲು ಕಂಪನಿಯವನು ಬಾಡಕ್ಕೇ ಬಂದ. ಕೈಯಲ್ಲಿ ಟೇಪ್ ರೆಕಾರ್ಡರ್. ನಾನೂ ಅಲ್ಲೇ ಇದ್ದೆ.

"ಈ ಮಂಜು ನಿಮಗೆ ಏನು ತೋರಿಸಿದ್ದರು?"

"ಎಂತದೂ ಇಲ್ಲ, ಒಡೆಯಾ," ಸೋಮಜ್ಜಿ.

"ಪಂಚೆ ಕಟ್ಟಿದ್ದರಂತೆ?"

"ಒಣಗ್ಸೂಕೆ ಕಟ್ಟಿರ್ಬೇಕು," ಅದೇ ಕೇರಿಯ ಬೀರಣ್ಣ. ನನ್ನತ್ತ ನೋಡಿ ಕಣ್ಣು ಮಿಟುಕಿಸಿದ.

ಅಜ್ಜಿ ನೋಡಿದ್ದು ನಿಜ ಎಂದು ನಾನು ಎದ್ದು ಕೂಗಿದೆ. ಆ ಮನುಷ್ಯ ನಕ್ಕು ಟೇಪ್ ನಿಲ್ಲಿಸಿ ಹೊರಟುಹೋದ.

"ಹೊರಗಿನವ್ರು ಕದೀತ್ರು, ಯಾರಿಗೂ ಹೇಳ್ಬೇಡಿ ಅಂತ ಕತೆ ದೀಪದ ಮೇಲೆ ಕೈ ಇಡ್ಸಿ ಆಣೆ ಹಾಕ್ಸಿದವ ನೀನೇ ಅಲ್ವಾ ತಮಾ?" ನಾನು ಕೂಗಿದ್ದೇ ಅಜ್ಜಿಗೆ ವಿಚಿತ್ರ. "ಸಾಯೂವರೆಗೂ ಹೇಳೂದಿಲ್ಲ. ಹೆದ್ರಬೇಡ."

೨೪ ಆಗಸ್ಟ್

ಅದೇ ಅಂಗಳ. ದೀಪ ಹಚ್ಚಿಸಿದೆ. "ಅಜ್ಜಿ, ಆ ಆಣೆಯಿಂದ ನಿಮ್ಮನ್ನೆಲ್ಲ ನಾನೇ ಬಿಡಿಸಿದೆ."

"ಆತು. ಕರಿ ಅವ್ನ, ಈಗ ಪೂರಾ ಹೇಳ್ತೆ."

ಬೂತಿನಿಂದ ವಕೀಲರಿಗೆ ಫೋನು ಮಾಡಿದೆ. "ನಿನ್ನೆ ನೋಡ್ಲಿಲ್ಲ ಅಂದವ್ರು ಇಂದು ನೋಡಿದ್ದೆ ಅಂದ್ರೆ ಯಾರು ನಂಬ್ತ್ರು, ಮಂಜು?"

೩೧ ಆಗಸ್ಟ್, ಸಂಜೆ ೫

ಸರ್ವರ್‌ನವರಿಗೆ ಮೇಲ್ ಮೇಲೆ ಮೇಲ್. ಉತ್ತರವಿಲ್ಲ.

ಇಂದೇ ಕೊನೆಯ ದಿನ, ಪುಟ ಇನ್ನೂ ಇದೆ. ಸೂರತ್‌ನಲ್ಲಿ ಬೀರಣ್ಣನ ಮಗಳು ಕಮಲಿ ಹೆತ್ತಿದ್ದಾಳೆ. ಅಳಿಯ ಬರೆದಿದ್ದಾನೆ. ಬೀರಣ್ಣ ಓಡಿ ಬಂದು ಪಕ್ಕದಲ್ಲೇ ನಿಂತಿದ್ದಾನೆ. ಅವನಿಗೆ ಓದು ಬಾರದು.

"ಮುಚ್ಚೂಕೆ ಮೊದ್ಲು ಇನ್ನೊಂದ್ಸಲ ಓದು ತಮಾ."

ಮತ್ತೆ ತೆರೆಯಲು ಒತ್ತಿದ್ದೇನೆ. ಲೈನು ನಿಧಾನ. ಅರ್ಧ ಬಂತು... ಕಮಲಿಯ ಹೆಸರು, ಹೆಣ್ಣುಮಗು, ಆಮೇಲೆ —