ಬೇವಿನ ಕೆಳಗಿನ ಕಚೇರಿ

ಬಾಗಲಕೋಟೆ
18 ಮೇ 1956

ಪ್ರಿಯ ಮುರ್ತುಜ,

ಈದ್‌ಗೆ ಹುನಗುಂದಕ್ಕೆ ಬರುತ್ತೇನೆಂದವನು ಬರಲಿಲ್ಲ, ವಾರವಾದರೂ ಕಾಗದ ಹಾಕಲಿಲ್ಲ. ಬಯ್ದುಬಿಡು. ನಿನ್ನ ತಾಯಿ ನನಗೆಂದು ಶಾವಿಗೆಯ ಸುರಕುಂಬಾ ತೆಗೆದಿಟ್ಟಿದ್ದರೆ ಅವರ ಕ್ಷಮೆಯನ್ನೂ ನೀನೇ ಕೇಳು.

ನಿನ್ನೊಬ್ಬನಿಗೇ ಹೇಳುತ್ತೇನೆ. ನನ್ನ ತಾತ್ಕಾಲಿಕ ಕಾರಕೂನಿಕೆ ಮುಗಿದು ಎರಡು ತಿಂಗಳಾಯಿತು. ಮೂವತ್ತು ವರ್ಷ ಕಾರಕೂನಿಕೆ ಮಾಡಿ ನನ್ನನ್ನು ಬಿ.ಎ. ಓದಿಸಿದ ಅಪ್ಪನಿಗೆ ಹೇಗೆ ಹೇಳಲಿ? ಪಗಾರ ಮಂಜೂರಾಗಿಲ್ಲವೆಂದು ಸುಳ್ಳು ಹೇಳಿ, ಅವ್ವ ಕಟ್ಟಿದ ಬುತ್ತಿ ಹಿಡಿದು ದಿನಾ ಪುರಸಭೆಯ ತೋಟಕ್ಕೆ ಹೋಗುತ್ತೇನೆ. ಬೇವಿನ ಕೆಳಗೊಂದು ಬೆಂಚು. ನಾಚಿಕೆ ಬಿಟ್ಟು ಹೇಳಿದರೆ ಅಲ್ಲಿ ಸುಖವಿದೆ. ನೀರು ಬಿಟ್ಟೊಡನೆ ಕಾದ ಮಣ್ಣು ಚುಂಯ್ ಎನ್ನುತ್ತದೆ. ನನ್ನ ರೊಟ್ಟಿಯ ಚೂರಿಗೆ ಅಳಿಲು ಕಾಯುತ್ತದೆ. ಸಂಜೆ ಕಂಬದ ಮೇಲಿನ ರೇಡಿಯೋ ಎಲ್ಲರಿಗೂ ಪುಕ್ಕಟೆ ಹಾಡುತ್ತದೆ.

ಆದರೆ ಮಾಲಿ ಯಮನಪ್ಪನ ಮೇಲೆ ನನಗೆ ಸಂಶಯ. ಬೆಳಿಗ್ಗೆ ನಮ್ಮ ಮನೆಗೆ ಪೂಜೆಯ ಹೂವು ತರುವವನೂ ಅವನೇ. ನಾನು ಬರುವ ಮೊದಲೇ ಬೆಂಚು ಒರೆಸಿರುತ್ತಾನೆ. ಬೇರೆಯವರು ಕೂತರೆ ಎಬ್ಬಿಸುತ್ತಾನೆ. ಏಕೆ? ಯಾರಿಗೋ ತೋರಿಸಲಿಕ್ಕೆ ನನ್ನನ್ನು ಒಂದೇ ಕಡೆ ಕೂರಿಸುತ್ತಿದ್ದಾನೆಯೇ? ಒಮ್ಮೆ ಹಿತ್ತಲಲ್ಲಿ ಅವ್ವನೊಡನೆ ಪಿಸುಗುಡುತ್ತಿದ್ದವನು ನನ್ನನ್ನು ಕಂಡು, "ಮಲ್ಲಿಗಿ ಬಾಡ್ಯಾವ್ರಿ" ಎಂದ. ಬುಟ್ಟಿಯಲ್ಲಿ ಮಲ್ಲಿಗೆಯೇ ಇರಲಿಲ್ಲ.

ಕಳೆದ ಶನಿವಾರ ಎಂದಿನಂತೆ ಕೂತು ಬುತ್ತಿ ಬಿಚ್ಚಿದ್ದೆ. ಅವನು ಸಲಿಕೆ ಊರಿ ನಿಂತ.

"ಇವತ್ತೂ ಬಂದ್ರೇನ್ರಿ?"

"ನೀ ಬಂದಿಲ್ಲೇನು?"

"ಗಿಡಕ್ಕ ಸೂಟಿ ಇರೂದಿಲ್ರಿ. ಇವತ್ತ ಈದ್ ಐತಿ, ಕಚೇರಿಗೆಲ್ಲ ಸೂಟಿ. ಮನ್ಯಾಗ ಏನ್ ಹೇಳಿ ಬಂದ್ರಿ, ಸಾಹೇಬ್ರ?"

ಕೈಯಲ್ಲಿದ್ದ ರೊಟ್ಟಿಯನ್ನು ಮರಳಿ ಬುತ್ತಿಗೇ ಇಟ್ಟೆ. ಹಬ್ಬ ಭಾನುವಾರವೆಂದುಕೊಂಡಿದ್ದೆ, ಚಂದ್ರ ಕಂಡ ಸುದ್ದಿಯೇ ನನಗೆ ತಿಳಿದಿರಲಿಲ್ಲ. ಪುಣ್ಯಕ್ಕೆ ಅಪ್ಪ ಇಳಕಲ್ಲಿನ ಅಕ್ಕನ ಮನೆಗೆ ಹೋಗಿದ್ದರು.

"ಅವ್ವಗ ಏನರೆ ಹೇಳೀಯೇನು?" ಎಂದೆ.

"ನಾ ಹೂವಿನಾಂವ್ರಿ. ಹೂವಿನ ಮಾತಷ್ಟ ಆಡ್ತೇನಿ" ಎಂದು ನಗುತ್ತ ಹೋದ. ಹೇಗೆ ನಂಬಲಿ?

ಅಲ್ಲಿ ಯಾವುದಾದರೂ ಸಾಲಿಯಲ್ಲಿ ಮಾಸ್ತರಿಕೆ ಖಾಲಿಯಿದ್ದರೆ ತಿಳಿಸು. ನಿಮ್ಮ ಮನೆಯಲ್ಲಿ ಎಲ್ಲರಿಗೂ ಒಳ್ಳೆಯದಾಗಲಿ.

ನಿನ್ನ
ಪಂಢರಿ

ತಾ.ಕ.: ನಮ್ಮಲ್ಲಿ ಹೊರಗೆ ಬೇಯಿಸಿದ್ದು ನಡೆಯುವುದಿಲ್ಲವೆಂದು ನೆರೆಮನೆಯ ಜೈನಬಿ ಪ್ರತಿ ಈದ್‌ಗೆ ಒಣ ಶಾವಿಗೆ, ಉತ್ತತ್ತಿ ಕೊಟ್ಟು ಹೋಗುತ್ತಾಳೆ. ಅಂದು ಸಂಜೆ ಆ ಪೊಟ್ಟಣ ಅಡುಗೆಮನೆಯಲ್ಲಿತ್ತು. ಯಾವಾಗ ಕೊಟ್ಟಳೆಂದು ಕೇಳಿದೆ. "ಮುಂಜಾನೆನ. ನೀ ಜಳಕಕ್ಕ ಹೋಗಿದ್ದಿ" ಎಂದಳು ಅವ್ವ, ನನ್ನ ಮುಖ ನೋಡದೆ. ಅದಾದ ಮೇಲೆಯೇ, ಮುರ್ತುಜ, ಅವಳು ನನಗೆ ಬುತ್ತಿ ಕಟ್ಟಿಕೊಟ್ಟು, "ಲಗೂ ಹೋಗಪಾ, ಸಾಹೇಬರು ಬೈದಾರು" ಎಂದದ್ದು. ಕಾರಕೂನನ ಹೆಂಡತಿಗೆ ಸೂಟಿ ಯಾವತ್ತೆಂದು ತಿಳಿಯದೆ? ನಾಳೆಯೂ ಕಟ್ಟುತ್ತಾಳೆ. ನಾನೂ ಕಚೇರಿಗೆ ಹೋಗುತ್ತೇನೆ.