ಸತ್ತ ಮಗಳ ಮದುವೆಗೆ ತಮ್ಮಿಂದ ಒಂದು ಸಾಲು ಬೇಕಾಗಿದೆ

ಲಸಿಕೆಯಿಂದಾದ ತೊಂದರೆಗೆ ಪರಿಹಾರ ಕೇಳುವ ಅರ್ಜಿಗಳನ್ನು ಪರಿಶೀಲಿಸುವ ಮಾನ್ಯ ಅಧಿಕಾರಿಗಳೇ,

ನನ್ನ ಮಗಳು ರಮಿತಾ ಸತ್ತಿದ್ದಾಳೆಯೇ, ಬದುಕಿದ್ದಾಳೆಯೇ ಎಂದು ತಾವು ಸ್ಪಷ್ಟೀಕರಣ ಕೇಳಿದ್ದೀರಿ. ಸತ್ತಿದ್ದಾಳೆ. ವರ್ಷಗಳಿಂದ ತಮಗೆ ಅದನ್ನೇ ಹೇಳುತ್ತಾ ಬಂದಿದ್ದೇನೆ. ಅರ್ಜಿ ಬೇಗ ಇತ್ಯರ್ಥವಾಗಬೇಕಾದ ಕಾರಣವೇನೆಂದು ಕೇಳಿದ ಕಡೆ ನಾನು ‘ಬರುವ ಆಟಿ ತಿಂಗಳಲ್ಲಿ ಮಗಳ ಮದುವೆ’ ಎಂದು ಬರೆದೆ. ಮೃತಳಿಗೆ ಮದುವೆ ಹೇಗೆ ಸಾಧ್ಯ ಎಂಬ ಸಂಶಯದಿಂದ ತಾವು ಅರ್ಜಿಯನ್ನೇ ತಡೆಹಿಡಿದಿದ್ದೀರಿ. ಇಷ್ಟು ವರ್ಷಗಳಲ್ಲಿ ತಮ್ಮ ಕಚೇರಿಯಲ್ಲಿ ಯಾರೋ ಒಬ್ಬರು ನನ್ನ ಅರ್ಜಿಯನ್ನು ಪೂರ್ತಿ ಓದಿದ್ದಾರೆಂದು ಇದರಿಂದ ತಿಳಿಯಿತು. ಅದಕ್ಕೆ ಕೃತಜ್ಞನಾಗಿದ್ದೇನೆ.

ನಾವು ಉಡುಪಿ ಕಡೆಯಿಂದ ಬಂದು ಇಲ್ಲಿ ನೆರೂಳದಲ್ಲಿ ನೆಲೆಸಿದವರು, ಮನೆಮಾತು ತುಳು. ನಮ್ಮಲ್ಲಿ ಮದುವೆಯಾಗದೆ ಸತ್ತ ಮಕ್ಕಳಿಗೂ ಮದುವೆ ಮಾಡುವ ಪದ್ಧತಿಯಿದೆ. ಸತ್ತ ಹುಡುಗಿಗೆ ಸತ್ತ ಹುಡುಗನನ್ನೇ ಹುಡುಕುತ್ತೇವೆ. ಎರಡೂ ಮನೆಯವರು ಕೂತು ಮಾತಾಡುತ್ತಾರೆ, ಆಷಾಢದ ಹೊತ್ತಿಗೆ ಬರುವ ನಮ್ಮ ಆಟಿ ತಿಂಗಳಲ್ಲಿ ಒಂದು ದಿನ ಗೊತ್ತುಮಾಡುತ್ತಾರೆ, ಸೀರೆ, ಬಳೆ, ಕರಿಮಣಿ ಇಟ್ಟು ಒಪ್ಪಿಸಿಕೊಡುತ್ತಾರೆ. ಹೀಗೆ ಮಾಡದಿದ್ದರೆ ಆ ಜೀವ ಒಂಟಿಯಾಗಿ ಅಲೆಯುತ್ತದೆಂದು ನಂಬಿಕೆ. ಮೂಢನಂಬಿಕೆ ಎನ್ನುತ್ತೀರಾ? ಅನ್ನಿ, ಬೇಸರವಿಲ್ಲ. ಮಗಳು ಹೋಗುವ ತನಕ ನಾನೂ ಹಾಗೆಯೇ ಅನ್ನುತ್ತಿದ್ದೆ.

ರಮಿತಾ ಥಾಣೆಯ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಆಗಿದ್ದಳು. ಕೊರೊನಾದ ಆ ಎರಡನೆಯ ವರ್ಷ ಲಸಿಕೆ ಆಗದವರಿಗೆ ಲೋಕಲ್ ರೈಲಿನ ಪಾಸ್ ಇರಲಿಲ್ಲ. ನೆರೂಳದಿಂದ ಬಸ್ಸು ಬದಲಿಸಿ ಬದಲಿಸಿ ಹುಡುಗಿ ಸೋತುಹೋಗಿದ್ದಳು. ಮೊದಲ ಡೋಸ್ ಹಾಕಿಸಿಕೊಂಡು ಬಂದವಳು, ಇನ್ನೊಂದು ಆದರೆ ರೈಲು ಸಿಗುತ್ತದೆ ಎಂದು ಖುಷಿಪಟ್ಟಳು. ಲಸಿಕೆ ಕಡ್ಡಾಯವಾಗಿರಲಿಲ್ಲ, ಸ್ವಇಚ್ಛೆಯದು ಎಂದು ತಾವು ಬರೆದಿದ್ದೀರಿ. ಹೌದು ಸ್ವಾಮೀ, ಕೆಲಸಕ್ಕೆ ಹೋಗುವುದೂ ಸ್ವಇಚ್ಛೆಯದೇ, ಊಟ ಮಾಡುವುದೂ ಸ್ವಇಚ್ಛೆಯದೇ.

ಕೆಲವು ದಿನಗಳಲ್ಲಿ ತಲೆನೋವು ಶುರುವಾಯಿತು. ನನ್ನ ಹೆಂಡತಿ ಅಕ್ಕು ಕಷಾಯ ಮಾಡಿ ಕೊಟ್ಟಳು, ಹಣೆಗೆ ಮುಲಾಮು ತಿಕ್ಕಿದಳು. ಆಮೇಲೆ ಕಣ್ಣು ಮಂಜಾಯಿತು, ಮಾತು ತೊದಲಿತು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಆಸ್ಪತ್ರೆಯಲ್ಲಿ. ಒಬ್ಬ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ತೀರಾ ಅಪರೂಪಕ್ಕೆ ಈ ಲಸಿಕೆಯಿಂದ ಹೀಗಾಗುವುದುಂಟು ಎಂದು ಹೇಳಿದರು. ಅವಳು ತೀರಿಕೊಂಡ ಮೇಲೆ ಕಾಗದದಲ್ಲಿ ಬರೆದದ್ದು ಮಾತ್ರ ‘ಹೃದಯಸ್ತಂಭನ’. ಸತ್ತವರಲ್ಲಿ ಯಾರ ಹೃದಯ ನಿಲ್ಲದೆ ಉಳಿದಿದೆ, ತಾವೇ ಹೇಳಿ.

ಮರಣೋತ್ತರ ಪರೀಕ್ಷೆ ಯಾಕೆ ಮಾಡಿಸಲಿಲ್ಲ ಎಂಬುದು ತಮ್ಮ ಇನ್ನೊಂದು ಪ್ರಶ್ನೆ. ಮಾಡಿಸಬೇಕೆಂದು ನಮಗೆ ಯಾರು ಹೇಳಿದ್ದರು? ಕೋವಿಡ್ ಕಾಲ, ಬೇಗ ಒಯ್ಯಿರಿ ಎಂದರು, ಒಯ್ದೆವು. ಈಗ ತಾವು ‘ಲಸಿಕೆಗೂ ಸಾವಿಗೂ ಸಂಬಂಧವಿದೆ ಎನ್ನಲು ಮಾಹಿತಿ ಸಾಲದು, ಇಲ್ಲ ಎನ್ನಲೂ ಸಾಲದು’ ಎನ್ನುತ್ತೀರಿ. ನಾನು ಲಸಿಕೆಯ ವಿರೋಧಿಯಲ್ಲ. ನಾನೂ ಅಕ್ಕುವೂ ಹಾಕಿಸಿಕೊಂಡಿದ್ದೇವೆ. ಅದರಿಂದ ಲೆಕ್ಕವಿಲ್ಲದಷ್ಟು ಜನ ಉಳಿದರೆಂಬುದನ್ನೂ ಬಲ್ಲೆ. ಎಲ್ಲರೂ ಉಳಿಯಲೆಂದು ಹಾಕಿದ ಮದ್ದಿನಿಂದ ಎಲ್ಲೋ ಒಬ್ಬಳು ಹೋದರೆ, ಹೋದಳು ಎಂದು ಹೇಳುವುದಕ್ಕೆ ಇಷ್ಟೇಕೆ ಹೆದರಿಕೆ?

ಈಗ ಮದುವೆಯ ವಿಷಯ. ನಮ್ಮವರ ಪೈಕಿ ಚೆನ್ನಯ ಎಂಬವರು ಇಂಥ ಸಂಬಂಧಗಳನ್ನು ಕೂಡಿಸುತ್ತಾರೆ. ಡೊಂಬಿವಲಿಯಲ್ಲಿ ಸೂರಜ್ ಎಂಬ ಹುಡುಗನಿದ್ದಾನೆ ಎಂದರು. ಇದ್ದಾನೆ ಎಂದೇ ಹೇಳುವುದು ನಮ್ಮ ಕ್ರಮ. ರೈಲಿನಿಂದ ಬಿದ್ದು ತೀರಿಕೊಂಡವನು. ನಾನೂ ಅಕ್ಕುವೂ ಹೋದೆವು. ಅವರು ಫೋಟೋ ತೋರಿಸಿದರು, ನಾವೂ ತೋರಿಸಿದೆವು. ಗೋತ್ರದ ಹಾಗೆ ನಮ್ಮಲ್ಲಿರುವ ಬಳಿ ನೋಡಿದರು, ಸರಿಹೋಯಿತು. ಅಕ್ಕು ಬಹಳ ಕಾಲದ ಮೇಲೆ ಒಂದು ಮನೆಯಲ್ಲಿ ನೆಮ್ಮದಿಯಿಂದ ಕೂತು ಚಹಾ ಕುಡಿದಳು. ಆಗ ಸೂರಜನ ತಾಯಿ ಮೆಲ್ಲಗೆ ಕೇಳಿದರು.

“ನಮ್ಮ ಮಗ ಹೇಗೆ ಹೋದ ಅಂತ ಪೊಲೀಸರು ಬರೆದು ಕೊಟ್ಟಿದ್ದಾರೆ. ನಿಮ್ಮ ಹುಡುಗಿಗೆ ಎಂತ ಆದದ್ದು?”

ಲಸಿಕೆ ಎಂದೆ. ಸರ್ಕಾರ ಹಾಗೆ ಹೇಳಿದೆಯಾ ಎಂದರು. ತಮ್ಮ ಹಳೆಯ ಉತ್ತರವನ್ನು ತೋರಿಸಿದೆ. ಹುಡುಗನ ಅಣ್ಣ ಓದಿ, ಕಾಗದ ಮಡಚಿ ಹಿಂದೆ ಕೊಟ್ಟ. ಹೊರಡುವಾಗ ಚೆನ್ನಯ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ, ಹುಡುಗಿ ತಾನಾಗಿ ಏನಾದರೂ ಮಾಡಿಕೊಂಡಳೋ ಎಂದು ಅವರಿಗೆ ಅನುಮಾನ, ಊರಿನಲ್ಲೂ ಅಂಥ ಮಾತಿದೆ ಎಂದರು. ನನಗೆ ಮೆಟ್ಟಿಲು ಕಾಣಲಿಲ್ಲ. ತಾವು ಬರೆಯದೆ ಖಾಲಿ ಬಿಟ್ಟ ಜಾಗದಲ್ಲಿ ಜನ ತಮತಮಗೆ ತೋಚಿದ್ದನ್ನು ಬರೆದುಕೊಂಡಿದ್ದಾರೆ.

ಅಕ್ಕು ಮನೆಗೆ ಬಂದು, ಮಗಳಿಗೆಂದು ತಂದಿಟ್ಟಿದ್ದ ಸೀರೆಯನ್ನು ಮತ್ತೆ ಕಪಾಟಿನೊಳಗೆ ಇಟ್ಟಳು. “ಬದುಕಿದ್ದಾಗ ಒಬ್ಬರೂ ಅವಳನ್ನು ಬೇಡ ಅಂದಿರಲಿಲ್ಲ” ಎಂದಳು.

ಆದ್ದರಿಂದ ಮಾನ್ಯರೇ, ಪರಿಹಾರದ ಹಣ ತಮ್ಮಲ್ಲೇ ಇರಲಿ. ತಮ್ಮ ಸಮಿತಿ ಆ ಡಾಕ್ಟರನ್ನು ಕರೆಸಲಿ, ಆಸ್ಪತ್ರೆಯ ಸ್ಕ್ಯಾನುಗಳನ್ನು ತರಿಸಿ ನೋಡಲಿ, ಆಟಿಯೊಳಗೆ ಒಂದು ಉತ್ತರ ಕೊಡಲಿ. ಲಸಿಕೆಯಿಂದ ಎಂದಾದರೆ ಹಾಗೆ ಬರೆಯಿರಿ. ಅಲ್ಲವೆಂದಾದರೆ ಅದನ್ನಾದರೂ ಬರೆಯಿರಿ, ತಲೆಬಾಗುತ್ತೇನೆ. ಎರಡೂ ಆಗದಿದ್ದರೆ, ಈ ಹುಡುಗಿ ಕಾಯಿಲೆಯಿಂದ ಸತ್ತಳು, ತಾನಾಗಿ ಸಾಯಲಿಲ್ಲ, ಅವಳಿಗೆ ರೈಲು ಹತ್ತಿ ಕೆಲಸಕ್ಕೆ ಹೋಗಬೇಕಿತ್ತು ಎಂದು ಮೊಹರು ಹಾಕಿ ಕೊಡಿ. ಡೊಂಬಿವಲಿಯವರು ಆಟಿ ಮುಗಿಯುವವರೆಗೆ ಕಾಯುತ್ತೇವೆಂದಿದ್ದಾರೆ.

ಇಂತಿ,
ತಮ್ಮ ಬೇಲಾಪುರದ ಕಚೇರಿಗೆ ದಿನವೂ ಇಡ್ಲಿ, ಚಹಾ ಕಳಿಸುವ ಹೋಟೆಲಿನ ಗಲ್ಲಾದವನು,
ಹೆಣ್ಣಿನ ತಂದೆ,
ಲೋಕನಾಥ, ನೆರೂಳ